ಕಬ್ಬಿಣದ ಹೆರೆಯ ಕಿರೀಟ

ಲಗ್ಗೆರೆ
೩ ಮೇ ೧೯೮೧

ಪ್ರೀತಿಯ ಮರಿಯಮ್ಮಕ್ಕನಿಗೆ,

ಈಸ್ಟರ್ ಹಬ್ಬಕ್ಕೆ ಬರ್ತೀನಿ ಅಂದವನು ಬರಲಿಲ್ಲ, ಒಂದು ಕಾಗದವನ್ನೂ ಹಾಕಲಿಲ್ಲ. ಬೈದುಕೊಂಡಿರ್ತೀಯ. ಬರೆಯೋಕೆ ಕೂತಾಗೆಲ್ಲ ಏನೂ ತೋಚದೆ ಎದ್ದುಬಿಡ್ತಿದ್ದೆ, ಮನ್ನಿಸು. ನಿನ್ನ ಮಂಡಿನೋವು ಹೇಗಿದೆ? ಹೂಡಿ ಕಡೆ ಮಳೆ ಬಿತ್ತಾ? ನಿನ್ನ ಮಗ ರಾಯಪ್ಪ ಚೆನ್ನಾಗಿದ್ದಾನೆ. ನಾನು ಸೇರಿಸಿದ ನಮ್ಮ ಪೀಣ್ಯದ ಕಾರ್ಖಾನೆಯಲ್ಲೇ ಅವನ ಕೆಲಸ ಖಾಯಂ ಆಯಿತು. ಈಗ ನನ್ನ ಜೊತೆ ಇಲ್ಲ, ಜಾಲಹಳ್ಳಿಯಲ್ಲಿ ಸ್ನೇಹಿತರ ಜೊತೆ ರೂಮು ಮಾಡಿದ್ದಾನೆ.

ನಾನು ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕ್ಕೊಳ್ಳೋದು ನೋಡಿ ಶ್ಯಾಮಣ್ಣ ಅನ್ನೋ ಫಿಟ್ಟರ್ ಮೊದಲಿಂದಲೂ ರೇಗಿಸ್ತಿದ್ದ. "ಏನ್ ಗುರು, ನೊಣ ಓಡಿಸ್ತಿದ್ದೀಯಾ?" ಅನ್ನೋನು. ಎಲ್ಲರ ಜೊತೆ ನಾನೂ ನಗ್ತಿದ್ದೆ. ದಿನಾ ಒಟ್ಟಿಗೆ ಉಣ್ಣೋರು, ಅಷ್ಟಕ್ಕೆಲ್ಲ ಮುನಿಸಿಕೊಂಡರೆ ಆಗುತ್ತಾ?

ಶುಭ ಶುಕ್ರವಾರ ನಮಗೆ ರಜೆ ಇಲ್ಲ. ಉಪವಾಸ ಇದ್ದೆ. ಊಟದ ಬಿಡುವಿನಲ್ಲಿ ಮೆಷಿನ್ ಪಕ್ಕ ಕಣ್ಮುಚ್ಚಿ ಪರಲೋಕ ಮಂತ್ರ ಹೇಳಿಕೊಳ್ತಿದ್ದಾಗ ತಲೆ ಮೇಲೆ ಏನೋ ಕೂತ ಹಾಗಾಯಿತು. ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುತ್ತಲ್ಲ ಕಬ್ಬಿಣದ ಹೆರೆ, ಬ್ಲೇಡಿನಂಥದ್ದು, ಅದನ್ನ ಕಿರೀಟದ ಹಾಗೆ ಹೆಣೆದು ಇಟ್ಟಿದ್ರು. ಶ್ಯಾಮಣ್ಣ ಮಂಡಿಯೂರಿ, "ಸ್ವಾಮೀ, ಈ ತಿಂಗಳು ಓವರ್‌ಟೈಮ್ ಕೊಡಿಸಪ್ಪ" ಅಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ನನ್ನ ಹಣೆಯಿಂದ ರಕ್ತ ಕಣ್ಣಿಗಿಳಿದಾಗ ನಗು ನಿಂತಿತು.

ಸುಳ್ಳು ಹೇಳಲ್ಲ ಅಕ್ಕ, ಕೈಗೆ ಸ್ಪ್ಯಾನರ್ ತಗೊಂಡುಬಿಟ್ಟಿದ್ದೆ. ಅವನು ಇನ್ನೂ ಮಂಡಿಯೂರಿಯೇ ಇದ್ದ, ಹೊಡೆದರೆ ತಲೆಗೇ ಬೀಳ್ತಿತ್ತು. ಅಷ್ಟರಲ್ಲಿ ಮಂತ್ರ ಅರ್ಧಕ್ಕೆ ನಿಂತದ್ದು ನೆನಪಾಯಿತು. ತಪ್ಪು ಮಾಡಿದವರನ್ನ ಕ್ಷಮಿಸುವ ಸಾಲಿಗೆ ಬಂದಿದ್ದೆ. ಸ್ಪ್ಯಾನರ್ ಕೆಳಗಿಟ್ಟು, ಉಳಿದದ್ದನ್ನ ಎಲ್ಲರಿಗೂ ಕೇಳೋ ಹಾಗೆ ಹೇಳಿ ಮುಗಿಸಿದೆ. 

ಫೋರ್‌ಮನ್ ಲಕ್ಷ್ಮಯ್ಯನವರು ಓಡಿಬಂದು, "ಯಾರಯ್ಯ ಇಟ್ಟದ್ದು? ಇವತ್ತೇ ಮನೆಗೆ ಕಳಿಸ್ತೀನಿ" ಅಂದ್ರು. "ಕಣ್ಮುಚ್ಚಿದ್ದೆ ಸಾರ್, ನೋಡಲಿಲ್ಲ" ಅಂದೆ. ಮಾರನೇ ದಿನ ಶ್ಯಾಮಣ್ಣ ಪಕ್ಕ ಬಂದು ಕೂತ. "ತಪ್ಪಾಯ್ತು ಕಣೋ ಗುರು" ಅಂತ ತನ್ನ ಡಬ್ಬಿಯ ಹುರುಳಿ ಸಾರನ್ನ ನನ್ನ ಮುದ್ದೆಗೆ ಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಣೆಗೆ ಹೊಲಿಗೆ ಬಿದ್ದಿತ್ತು, ಈಗ ಬಿಚ್ಚಿದ್ದಾರೆ. ಗಾಬರಿ ಆಗಬೇಡ.

ದೇವಮಾತೆ ನಿನ್ನನ್ನೂ ಮನೆಯನ್ನೂ ಕಾಯಲಿ. ಜಪ ಮಾಡುವಾಗ ನನ್ನನ್ನೂ ನೆನೆಸಿಕೊ.

ನೀನು ಸಾಕಿದ ತಮ್ಮ,
ದಾಸಪ್ಪ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮುಚ್ಚಿಟ್ಟದ್ದು. ಆ ಮಾರನೇ ದಿನ ಸಾರು ಬಿಟ್ಟು ಊಟಕ್ಕೆ ಕೂತಾಗ ಶ್ಯಾಮಣ್ಣ ಇನ್ನೊಂದು ಹೇಳಿದ. ಆ ಕಿರೀಟ ಹೆಣೆದುಕೊಟ್ಟದ್ದು ರಾಯಪ್ಪ. ಅವನು ನಮ್ಮ ಮತದವನು, ನನಗೆ ಸಂಬಂಧ ಅಂತ ಅವನ ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ, ಅವನು ಯಾರಿಗೂ ಹೇಳಿಲ್ಲ. ನಾನು ಅವನ ಶೆಡ್ಡಿಗೆ ಹೋಗಿ, "ಯಾಕೋ ಮಗನೇ?" ಅಂದೆ. ಪಕ್ಕದಲ್ಲಿದ್ದವರು, "ಏನೋ, ಇವ್ರು ನಿಂಗೆ ಸಂಬಂಧನಾ?" ಅಂತ ಕೇಳಿದ್ರು. ನನ್ನ ಮುಖ ನೋಡ್ಕೊಂಡೇ, "ಇಲ್ಲಪ್ಪ, ಒಂದೇ ಊರು ಅಷ್ಟೇ" ಅಂದ. ಹಸುಗೂಸಾಗಿದ್ದಾಗ ಜ್ಞಾನಸ್ನಾನಕ್ಕೆ ಅವನನ್ನ ಎತ್ತಿಕೊಂಡು ನಿಂತವನು ನಾನು. ಎಲ್ಲರೂ ಈಗ ನನ್ನ ಕಡೆ ನೋಡ್ತಿದ್ರು. "ಹೌದಪ್ಪ, ಒಂದೇ ಊರು" ಅಂತ ಹೇಳಿ ಬಂದುಬಿಟ್ಟೆ.