ಏಳನೆಯ ಆವೃತ್ತಿಯ ಕೊನೆಯ ಪೆಟ್ಟಿಗೆ

ಬೆಟಗೇರಿ, ಹದಿಮೂರನೆಯ ತಿಂಗಳ ಮೂವತ್ತನಾಲ್ಕು, ೨೩೧೪

ಮುನ್ನೂರು ವರ್ಷ ಹಿಂದಿರುವ ನಿಮಗೆ ಕಲ್ಲವ್ವನ ನಮಸ್ಕಾರ. ಇದು ನಿಮ್ಮ ಪಂಚಾಂಗದಲ್ಲಿಲ್ಲದ ತಿಂಗಳು. ಧೂಳುಗಾಳಿ ನಿಲ್ಲುವವರೆಗೆ ನಾವು ಇದರ ದಿನಗಳನ್ನು ಎಣಿಸುತ್ತಲೇ ಹೋಗುತ್ತೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು.

ನಮ್ಮಲ್ಲಿ ಎದೆ ದುರ್ಬಲವಾದವರು ಉಸಿರುಪೆಟ್ಟಿಗೆ ಕಟ್ಟಿಕೊಂಡಿರುತ್ತಾರೆ. ಆ ದಿನ ಗಾಳಿಯಲ್ಲಿ ಎಷ್ಟು ಧೂಳಿದೆ, ಎಷ್ಟು ಸೋಸಬೇಕು ಎಂದು ಪೆಟ್ಟಿಗೆ ದಿನವೂ ಗಾಳಿಕಚೇರಿಯ ಸರ್ವರ್ ಅನ್ನು ಕೇಳುತ್ತದೆ. ಕೇಳುವ ಪ್ರಶ್ನೆಯ ಮೇಲೊಂದು ಹಣೆಚೀಟಿ ಇರುತ್ತದೆ: ನಾನು ಇಂಥ ಪೆಟ್ಟಿಗೆ, ನನ್ನ ಆವೃತ್ತಿ ಇಷ್ಟನೆಯದು. ನಿಮ್ಮ ಬ್ರೌಸರ್‌ಗಳೂ ಪುಟ ಕೇಳುವಾಗ ಹೆಡರ್‌ನಲ್ಲಿ ಹೀಗೆಯೇ ತಮ್ಮ ಹೆಸರು, ಆವೃತ್ತಿ ಹೇಳುತ್ತಿದ್ದವಂತೆ. ಕೇಳಿದವರಿಗೆ ಅರ್ಥವಾಗುವಂಥ ಉತ್ತರ ಕಳಿಸಲಿಕ್ಕೆ ಹುಟ್ಟಿದ ರೂಢಿ ಅದು. ಆದರೆ ಚೀಟಿಯಲ್ಲಿ ಬರೆದದ್ದು ನಿಜವೇ ಎಂದು ಸರ್ವರ್ ನೋಡುವುದಿಲ್ಲ. ಹೇಳಿದ್ದನ್ನು ನಂಬುತ್ತದೆ.

ನಾನು ಪೆಟ್ಟಿಗೆ ರಿಪೇರಿ ಮಾಡುವವಳು. ನಮ್ಮ ಓಣಿಯಲ್ಲಿ ಏಳನೆಯ ಆವೃತ್ತಿಯ ಹಳೆಯ ಪೆಟ್ಟಿಗೆಗಳು ಹದಿನೈದು ಇದ್ದವು, ಊರಿನಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಒಂಬತ್ತನೆಯದಕ್ಕೆ ಬೆಳಿಗ್ಗೆಯೇ ಉತ್ತರ ಬರುತ್ತಿತ್ತು, ಏಳನೆಯದಕ್ಕೆ ಸಂಜೆ. ಅಷ್ಟರಲ್ಲಿ ಜನ ದಿನವಿಡೀ ಕೆಮ್ಮಿರುತ್ತಿದ್ದರು. ಒಂದು ದಿನ ನಾನು ಒಬ್ಬರ ಚೀಟಿಯಲ್ಲಿ ಏಳನ್ನು ಅಳಿಸಿ ಒಂಬತ್ತು ಎಂದು ಬರೆದೆ. ಬೆಳಿಗ್ಗೆಯೇ ಉತ್ತರ ಬಂತು. ಹಳೆಯ ಪೆಟ್ಟಿಗೆ ಅದರಲ್ಲಿ ತಿಳಿದಷ್ಟನ್ನು ಓದಿಕೊಂಡು ಉಳಿದದ್ದನ್ನು ಬಿಟ್ಟು ಚೆನ್ನಾಗಿಯೇ ಕೆಲಸ ಮಾಡಿತು. ಹೀಗೆ ಒಟ್ಟು ಹದಿನಾಲ್ಕು ಮನೆಗೆ ಮಾಡಿಕೊಟ್ಟೆ.

ಹದಿನೈದನೆಯದು ನನ್ನ ಅಕ್ಕ ದ್ಯಾಮವ್ವನದು. ಅವಳು ಮಗ್ಗದ ಮುಂದೆ ಕೂತೇ ಎಪ್ಪತ್ತು ದಾಟಿದವಳು.

"ಒಂದ ಅಂಕಿ ಬದಲ ಮಾಡ್ತೀನಿ ಅಕ್ಕಾ, ಅಷ್ಟ" ಎಂದೆ.

"ಬ್ಯಾಡ ಬಿಡು. ನನ್ನ ಪೆಟ್ಟಿಗಿ ಹಳೇದೈತಿ. ಹಳೇದು ಅಂತ ಹೇಳಾಕ ಅದಕ್ಯಾಕ ನಾಚಿಕಿ? ಸಂಜೀತನಾ ಕಾಯ್ತೀನಿ ನಾ" ಎಂದಳು. ಲಾಳಿ ಓಡಿಸುವುದನ್ನು ನಿಲ್ಲಿಸಲೂ ಇಲ್ಲ. ನಾನು ಒತ್ತಾಯ ಮಾಡಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಗಾಳಿಕಚೇರಿ ಏಳನೆಯ ಆವೃತ್ತಿಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹದಿನಾಲ್ಕು ಪೆಟ್ಟಿಗೆಗಳು ಒಂಬತ್ತು ಎಂದು ಹೇಳಿಕೊಂಡು ಉತ್ತರ ಪಡೆಯುತ್ತಿದ್ದವು. ಅಕ್ಕನ ಪೆಟ್ಟಿಗೆ ಮಾತ್ರ ಕೊನೆಯ ಸಲ ಬಂದ ಉತ್ತರದ ಅಳತೆಯಲ್ಲೇ ನಡೆಯುತ್ತಿತ್ತು. ಸಂಜೆ ಬರಬಹುದು, ನಾಳೆ ಬರಬಹುದು ಎಂದು ಅವಳು ಮೂರು ದಿನ ಕಾದಳು. ನನಗೆ ಹೇಳಿ ಕಳಿಸಲಿಲ್ಲ. ಆ ಮೂರೂ ದಿನ ಕೆಂಪು ಧೂಳು ಬಿಟ್ಟೂಬಿಡದೆ ಬೀಸುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಹೋದಾಗ ಅವಳು ಮಗ್ಗದ ಪಕ್ಕದಲ್ಲೇ ಮಲಗಿದ್ದಳು. ತುಟಿ ಕಪ್ಪಾಗಿತ್ತು. ಕರೆದರೆ ಓಗೊಡಲಿಲ್ಲ. ಚೀಟಿಯಲ್ಲಿ ಒಂಬತ್ತು ಎಂದು ಬರೆದೆ. ತಕ್ಷಣ ಉತ್ತರ ಬಂತು. ಪೆಟ್ಟಿಗೆ ಜೋರಾಗಿ ಸೋಸತೊಡಗಿತು. ಸಂಜೆಯಾಗುವ ಮೊದಲೇ ಅಕ್ಕ ಹೋದಳು. ನನಗೆ ಅಳು ಬರಲಿಲ್ಲ. ಮಣ್ಣು ಮಾಡಿ ಬಂದು, ಪಕ್ಕದ ಮನೆಯವರು ಕೊಟ್ಟ ರೊಟ್ಟಿ ತಿಂದು, ತಾಟು ತೊಳೆದಿಟ್ಟೆ. ಅಳು ಇವತ್ತಿನವರೆಗೂ ಬಂದಿಲ್ಲ.

ವಾರದ ನಂತರ ಕಚೇರಿಗೆ ಹೋದೆ. ಯಾವ ಆವೃತ್ತಿಯ ಪೆಟ್ಟಿಗೆಗಳು ಎಷ್ಟಿವೆ ಎಂಬ ಎಣಿಕೆ ನೋಡುವ ರುದ್ರಗೌಡರು ನನ್ನನ್ನು ಕೂರಿಸಿ, ನೀರು ಕೊಟ್ಟು, ಪಟ್ಟಿ ತೆಗೆದು ತೋರಿಸಿದರು. ಕೆಟ್ಟ ಮನುಷ್ಯರಲ್ಲ.

"ಇಲ್ಲಿ ನೋಡ್ರಿ ಬಾಯಾರ, ಹೋದ ವರ್ಷ ಏಳನೇದು ಹದಿನೈದು ಇದ್ವು. ಈ ವರ್ಷ ಒಂದಕ್ಕ ಬಂತು. ಒಂದ ಅಂದ್ರ ಎಣಿಕಿಯೊಳಗ ಏನೋ ತಪ್ಪಾಗೇತಿ ಅಂತ ತಿಳಕೊಂಡು ನಿಲ್ಲಿಸಿಬಿಟ್ವಿ."

"ಅದು ತಪ್ಪಲ್ರಿ, ನಮ್ಮಕ್ಕ" ಎಂದೆ. ಉಳಿದ ಹದಿನಾಲ್ಕರ ಸಂಗತಿಯನ್ನೂ ಹೇಳಿದೆ.

ಆಮೇಲೆ, ಕಚೇರಿಯ ಎಣಿಕೆಯಲ್ಲಿ ನಿಜ ಕಾಣಲಿ ಎಂದು ಮನೆಮನೆಗೆ ಹೋಗಿ, ಚೀಟಿಯಲ್ಲಿ ಮತ್ತೆ ಏಳು ಎಂದೇ ಬರೆಯಲೇ ಎಂದು ಕೇಳಿದೆ. ಐದು ಮನೆಯವರು ಒಪ್ಪಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂಬತ್ತು ಮನೆಯವರು ಒಪ್ಪಿದರು. ಕಚೇರಿ ಏಳನೆಯದಕ್ಕೆ ಮತ್ತೆ ಉತ್ತರ ಕೊಡಲು ಶುರುಮಾಡುವವರೆಗೆ, ಇಪ್ಪತ್ತೆರಡು ದಿನ, ಉಳಿದ ಐದಕ್ಕೆ ಬಂದ ಉತ್ತರ ನೋಡಿ ಆ ಒಂಬತ್ತೂ ಪೆಟ್ಟಿಗೆಗಳ ಸೋಸುವ ಅಳತೆಯನ್ನು ನಾನೇ ಕೈಯಿಂದ ತಿರುಗಿಸಿದೆ. ಈಗ ಉತ್ತರ ಬರುತ್ತಿದೆ, ಸಂಜೆಗೆ.

ನಿಮ್ಮಲ್ಲಿ ಇಂಥ ಎಣಿಕೆ ನೋಡುವ ಕೆಲಸದವರು ಯಾರಾದರೂ ಇದ್ದರೆ ನನ್ನದೊಂದು ಕೇಳಿಕೆ. ಹಳೆಯದನ್ನು ನಿಲ್ಲಿಸುವ ಮೊದಲು, ಪಟ್ಟಿಯಲ್ಲಿ ಕೊನೆಗೆ ಉಳಿದ ಆ ಒಂದು ಎಲ್ಲಿಂದ ಬರುತ್ತಿದೆ ಎಂದು ಯಾರನ್ನಾದರೂ ಕಳಿಸಿ ನೋಡಿ. ಬಾಗಿಲು ಬಡಿದರೆ ಒಬ್ಬರು ಎದ್ದು ಬಂದು ತೆರೆಯಬಹುದು.

ಇಂತು,
ಕಲ್ಲವ್ವ