ಹೊಸಿಲಾಚೆಯ ಬುಜ್ಜಿ

ಹಿಂದೂಪುರ
ಭಾನುವಾರ, ಊಟವಾದ ಮೇಲೆ

ಕಲ್ಯಾಣದುರ್ಗದ ನಾದಿನಿ ಪ್ರಮೀಳಾಳಿಗೆ ಭಾವ ರುದ್ರಮುನಿಯ ಆಶೀರ್ವಾದ. ಪೂರ್ತಿ ಅಲ್ಲ, ಸದ್ಯಕ್ಕೆ ಅರ್ಧ.

ಅದಕ್ಕೇ ಹೇಳಿದ್ದು, ಬಾಲ ನೋಡಿ ನಾಯಿಯನ್ನು ಗುರುತಿಸುವುದಲ್ಲ ಎಂದು. ನಿನ್ನೆ ಫೋನಿನಲ್ಲಿ ಮಾತು ಅಲ್ಲಿಗೇ ನಿಂತಿತು. ನೀನು "ಬಾಲ ಎಡಕ್ಕೇ ಸುತ್ಕೊಂಡೈತಲ್ಲ ಭಾವ, ಬುಜ್ಜಿ ಬಾಲ ಅಲ್ವೇನು ಅದು?" ಎಂದೆ. ನಾನು ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ "ಒಲೆ ಮೇಲೆ ಸಾರೈತೆ, ಇಟ್ಬುಡ್ತೀನಿ" ಎಂದು ಇಟ್ಟುಬಿಟ್ಟೆ. ಸಾರು ಇರುವುದು ಬೇರೆ, ಮಾತು ತಪ್ಪಿಸುವುದು ಬೇರೆ. ಕಾಗದದಲ್ಲಾದರೆ ನೀನು ಅಡ್ಡಬಾಯಿ ಹಾಕುವಂತಿಲ್ಲ ಎಂದು ಬರೆಯಲು ಕುಳಿತೆ.

ವಿಷಯ ಇಷ್ಟು. ನಾಳೆ ಬೆಳಿಗ್ಗೆ ಕದಿರಣ್ಣನ ವ್ಯಾನು ಕಲ್ಯಾಣದುರ್ಗಕ್ಕೆ ಖಾಲಿ ಹೋಗುತ್ತದೆ. ಈ ಬಿಳಿ ನಾಯಿಯನ್ನೂ ಈ ಕಾಗದವನ್ನೂ ಅದರಲ್ಲಿ ಕಳಿಸುತ್ತಿದ್ದೇನೆ. ನನ್ನ ಬುಜ್ಜಿಯನ್ನು, ನಿನ್ನ ಅಕ್ಕ ಮಂಗಳಗೌರಿ ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕಿದ ಆ ಕೆನೆ ಬಣ್ಣದ ಬುಜ್ಜಿಯನ್ನು, ಅದೇ ವ್ಯಾನಿನಲ್ಲಿ ವಾಪಸು ಕಳಿಸು. ಬುಜ್ಜಿ ನಿನ್ನ ನಾಯಿಗೂಡಿನಲ್ಲೇ ಸತ್ತುಹೋಯಿತು ಅನ್ನುವುದಾದರೆ ಅದನ್ನಾದರೂ ನೇರವಾಗಿ ಬರೆ. ಸತ್ತದ್ದಕ್ಕೆ ನಾನು ಬಯ್ಯುವವನಲ್ಲ. ಸತ್ತದ್ದನ್ನು ಮುಚ್ಚಿ ಬೇರೆಯದನ್ನು ತಂದು ಇಳಿಸಿದೆಯಲ್ಲ, ಅದಕ್ಕೆ ಬಯ್ಯುತ್ತೇನೆ. ಉತ್ತರ ಬರದಿದ್ದರೆ ನಿನಗೂ ಈ ಮನೆಗೂ ಇದ್ದ ದಾರಿ ಮುಗಿಯಿತು ಎಂದು ತಿಳಿ. ನಿನ್ನ ಅಕ್ಕ ಹೋದ ಮೇಲೆ ಈ ಮನೆಗೆ ಅವಳ ಕಡೆಯಿಂದ ಬರುವವಳು ನೀನೊಬ್ಬಳೇ. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಆರ್ಡರ್ ಆಗಿ ಬರುತ್ತೇನೆ. ಬಿ.ಎ.ಯಲ್ಲಿ ನಮಗೆ ಲಾಜಿಕ್ ಹೇಳಿಕೊಟ್ಟ ಮೇಷ್ಟ್ರು ಮೊದಲು ಪ್ರೆಮಿಸ್, ಆಮೇಲೆ ಕನ್‌ಕ್ಲೂಷನ್ ಅನ್ನುತ್ತಿದ್ದರು. ನಡುವೆ ಇನ್ನೊಂದು ಏನೋ ಇತ್ತು, ಮರೆತಿದೆ. ಇರಲಿ.

ಯುಗಾದಿಯಾದ ಮೇಲೆ ನನ್ನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಇನ್ನೂ ಬಾಕಿ. ಮನೆಯೊಳಗೆ ನಾಲ್ಕು ಸಣ್ಣ ನಾಯಿ ಓಡಾಡುತ್ತವೆ ಎಂದು ಮಗಳು ದಿವ್ಯ ಡಾಕ್ಟರ ಮುಂದೆ ಬಾಯಿಬಿಟ್ಟಳು. ಕೂದಲು ಕಣ್ಣಿಗೆ ಬಿದ್ದರೆ ಕಷ್ಟ, ಗಾಯ ಮಾಯುವವರೆಗೆ ನಾಯಿಗಳನ್ನು ಹೊರಗಿಡಿ ಎಂದರು. ನಿನ್ನ ಮನೆಯ ಹಿಂದೆ ಗೂಡುಗಳ ಸಾಲೇ ಇದೆ, ತಿರುಪತಿಗೋ ಶ್ರೀಶೈಲಕ್ಕೋ ಹೋಗುವವರು ತಮ್ಮ ನಾಯಿಗಳನ್ನು ನಿನ್ನಲ್ಲಿ ಬಿಟ್ಟು ಹೋಗುತ್ತಾರೆ. ದಿವ್ಯ ಫೋನು ಮಾಡಿದಳೋ ಇಲ್ಲವೋ, ನೀನು "ನಾಲ್ಕನ್ನೂ ಕಳ್ಸಮ್ಮ, ನಾನು ನೋಡ್ಕತೀನಿ" ಎಂದುಬಿಟ್ಟೆ. ಅಷ್ಟು ಬೇಗ ಯಾರಾದರೂ ಒಪ್ಪುತ್ತಾರೆಯೇ? ನನಗೆ ಅನುಮಾನ ಆಗಲೇ ಬರಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಬರಲಿಲ್ಲ.

ಗೂಡೋ ಮನೆಯೋ ಎಂಬ ವಾದ ನಿಮ್ಮ ಅಕ್ಕತಂಗಿಯರದು, ನಾನು ಅದಕ್ಕೆ ಬರೀ ಆಡಿಯನ್ಸ್. "ಲಿಂಗಪೂಜೆ ಮಾಡೋ ಮನ್ಯಾಗೆ ನಾಯಿ ತಿರುಗಾಡ್ತವೇನಕ್ಕ? ನನ್ನಂಗೆ ಹಿಂದ್ಗಡೆ ಸಿಮೆಂಟ್ ಹಾಕ್ಸು, ಮೇಲೆ ತಗಡಿನ ರೇಕು ಹೊದ್ಸು, ಬೆಳಿಗ್ಗೆ ನೀರು ಹೊಯ್ದುಬುಟ್ರೆ ಮುಗೀತು" ಎಂದು ನೀನು. "ಸಣ್ಣ ನಾಯಿನ ಗೂಡಲ್ಲಿಟ್ರೆ ಕೋಳಿ ಆಗೋಯ್ತದೆ ಕಣೆ. ತಲೆ ಎಣಿಸಿ ಅನ್ನ ಹಾಕೋದು, ಅಷ್ಟೆ. ಮನೆ ಒಳಗಿದ್ರೆ ಯಾವ್ದು ಯಾರು ಅಂತ ಗೊತ್ತಾಯ್ತದೆ" ಎಂದು ಅವಳು. ನಿನ್ನ ಮಾತಿನಲ್ಲೂ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಗೂಡಿನಲ್ಲಿದ್ದರೆ ಮೈಗೆ ಉಣ್ಣೆಹುಳ ಹತ್ತುವುದು ಕಡಿಮೆ, ಹಾಸಿಗೆಯಲ್ಲಿ ಕೂದಲಿಲ್ಲ, ಕಾಲಿಗೆ ಸಿಕ್ಕಿ ಮುದುಕ ಬೀಳುವುದಿಲ್ಲ. ಆನ್ ದಿ ಅದರ್ ಹ್ಯಾಂಡ್, ಮಧ್ಯಾಹ್ನ ಕಡಪ ಕಲ್ಲಿನ ನೆಲದ ಮೇಲೆ ನಾಲ್ಕೂ ಒಂದರ ಮೇಲೊಂದು ಕಾಲು ಹಾಕಿ ಮಲಗಿದರೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ಗೂಡಿನಲ್ಲಿ ಪ್ರತಿ ನಾಯಿಗೂ ಒಂದು ಬಾಗಿಲು, ಒಂದು ಬಟ್ಟಲು. ಒಂದು ನಾಯಿ ಹೋಗಿ ಅಲ್ಲಿಗೆ ಇನ್ನೊಂದು ಬಂದರೆ ಬಟ್ಟಲಿಗೆ ಗೊತ್ತಾಗುತ್ತದೆಯೇ? ಮನೆಯೊಳಗಿನ ನಾಯಿಯನ್ನು ಬದಲಾಯಿಸಲು ಆಗುವುದಿಲ್ಲ, ಗೂಡಿನದನ್ನು ಆಗುತ್ತದೆ. ಇದು ನನ್ನ ಫಸ್ಟ್ ಪಾಯಿಂಟ್.

ಸೆಕೆಂಡ್ ಪಾಯಿಂಟ್ ಬಣ್ಣ. ನೀನು ನಾಯಿಗಳನ್ನು ಕರೆತಂದ ವಾರವೇ ನನ್ನ ಕಪ್ಪು ಕನ್ನಡಕವನ್ನೂ ಬಿಡಿಸಿದರು. ಅಂಗಳದಲ್ಲಿ ನಿಂತು ಬರಿಗಣ್ಣಲ್ಲಿ ನೋಡುತ್ತೇನೆ: ಚುಕ್ಕಿ ಸರಿ, ಕರಿಯ ಸರಿ, ಗುಂಡ ಸರಿ. ನಾಲ್ಕನೆಯದು ಅಗಸರ ಕಟ್ಟೆಯಿಂದ ಬಂದಂತೆ ಬೆಳ್ಳಗೆ! ಬುಜ್ಜಿ ಪೊಮೆರೇನಿಯನ್ ನಿಜ, ಆದರೆ ಬುಜ್ಜಿಯದು ಕಾಯಿಸಿದ ಹಾಲಿನ ಕೆನೆಗೆ ಚಿಟಿಕೆ ಬೆಲ್ಲ ಬೆರೆಸಿದ ಬಣ್ಣ. ನಾನು ಹುಣಸೆ ಮಂಡಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವನು ಪ್ರಮೀಳಾ. ಒಂದು ಹಿಡಿ ಹಣ್ಣು ಕೈಗೆ ತೆಗೆದುಕೊಂಡು ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದಕ್ಕೆ ನೀರು ಹೊಡೆದಿದ್ದಾರೆ ಎಂದು ಬಣ್ಣದಲ್ಲೇ ಹೇಳುತ್ತಿದ್ದೆ. ಗೋರಂಟ್ಲದ ರೈತರು ನನ್ನ ಕಣ್ಣಿಗೆ ಹೆದರುತ್ತಿದ್ದರು. ಆ ಕಣ್ಣಿಗೆ ನೀನು ಬಿಳಿ ನಾಯಿಯನ್ನು ಕೆನೆ ನಾಯಿ ಎಂದು ಮಾರಲು ಬಂದೆ.

ದಿವ್ಯಳೂ ನಿನ್ನ ಕಡೆಗೇ. "ಅಪ್ಪಾ, ನಿಂಗೇನಾಗೈತೆ? ಬುಜ್ಜಿನೇ ಕಣಪ್ಪ ಅದು" ಎಂದು ಒಂದೇ ಪಾಠ. ಹಾಗಾದರೆ ಫೋನಿನಲ್ಲಿರುವ ಹಳೇ ಫೋಟೊ ತೋರಿಸು ಎಂದೆ. ತೋರಿಸಿದಳು. ಫೋಟೊದಲ್ಲೂ ಬಿಳಿ! ಅಂದರೆ ಫೋಟೊವನ್ನೂ ತಿದ್ದಿದ್ದಾಳೆ. ಈಗಿನ ಫೋನುಗಳಲ್ಲಿ ಮುದುಕಿಯರು ಹುಡುಗಿಯರಾಗುತ್ತಾರೆ, ನಾಯಿ ಬೆಳ್ಳಗಾಗುವುದು ಯಾವ ದೊಡ್ಡ ಮಾತು. ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತಪ್ಪಿಲ್ಲದವರಿಗೆ ಅಷ್ಟು ಸಿಟ್ಟು ಯಾಕೆ?

ನಿನಗೆ ಗೊತ್ತಿರಲಿ, ನೀವಿಬ್ಬರೇ ಅಲ್ಲ. ಈಚೆಗೆ ಈ ಊರಿನಲ್ಲಿ ಎಲ್ಲರೂ ನನಗೆ ಏನೋ ಒಂದನ್ನು ಬದಲಾಯಿಸಿ ಕೊಡುತ್ತಿದ್ದಾರೆ. ನಾರಪ್ಪನ ಹಾಲು ಇದ್ದಕ್ಕಿದ್ದ ಹಾಗೆ ಬೆಳ್ಳಗಾಗಿದೆ, ಪುಡಿ ಕಲಸುತ್ತಾನೆ ಎಂದು ನನ್ನ ಗುಮಾನಿ. ಕೇಳಿದರೆ, "ಇದೇಂ ಚೋದ್ಯಂ ಸ್ವಾಮೀ! ಹಾಲು ನೀರಾಗೈತೆ ಅಂತ ಜಗಳ ತೆಗ್ದೋರನ್ನ ನೋಡಿವ್ನಿ. ಬೆಳ್ಳಗೈತೆ ಅಂತ ತೆಗ್ದೋರು ನೀವೇ ಮೊದ್ಲು" ಎಂದ. ಪೋತಪ್ಪನ ಅಂಗಡಿಯ ವಿಭೂತಿಯೂ ಹಾಗೆಯೇ. ಹಚ್ಚಿಕೊಂಡು ಕನ್ನಡಿ ನೋಡಿದರೆ ಹಣೆಗೆ ಸುಣ್ಣ ಬಳಿದಂತೆ ಹೊಳೆಯುತ್ತದೆ. ಮೊದಲು ಅದಕ್ಕೊಂದು ಹದವಾದ ಮಾಸಲು ಬಣ್ಣ ಇತ್ತು, ಶಿವನ ಮೈಯ ಬೂದಿ ಎಂದರೆ ನಂಬುವ ಹಾಗೆ. ಅಂಗಡಿಗೇ ಹೋಗಿ ಗಟ್ಟಿಯನ್ನು ಅವನ ಮುಂದೆ ಇಟ್ಟೆ. "ಸುಣ್ಣ ಮಾರೋದಾಗಿದ್ರೆ ಸುಣ್ಣದಂಗ್ಡಿನೇ ಇಡ್ತಿದ್ದೆ ಸ್ವಾಮಿ, ಶಿವನ್ನ ಯಾಕೆ ನಡುವೆ ತತ್ತೀನಿ" ಎಂದು ಹತ್ತು ಜನರ ಮುಂದೆ ನಗಾಡಿಬಿಟ್ಟ. ಒಬ್ಬರ ಮೇಲಾದರೆ ಬೆನಿಫಿಟ್ ಆಫ್ ಡೌಟ್ ಕೊಡಬಹುದು. ಇಷ್ಟು ಜನಕ್ಕೆ ಎಲ್ಲಿಂದ ತರಲಿ?

ಥರ್ಡ್ ಪಾಯಿಂಟ್, ಇದೇ ಮುಖ್ಯ. ಈ ನಾಯಿ ಹೊಸಿಲು ದಾಟುವುದಿಲ್ಲ. ಉಳಿದ ಮೂರೂ ಬಂದ ದಿನವೇ ಒಳಗೆ ನುಗ್ಗಿ ತಮ್ಮ ತಮ್ಮ ಜಾಗ ಹಿಡಿದವು. ಇದು ಮಾತ್ರ ಬಾಗಿಲ ಬಳಿ ನಿಂತು ಒಳಗೆ ನೋಡುತ್ತದೆ, ಅಷ್ಟೆ. ಮರಿಯಾಗಿದ್ದಾಗಿನಿಂದ ಈ ಮನೆಯಲ್ಲಿ ಬೆಳೆದ ಬುಜ್ಜಿಯಾಗಿದ್ದರೆ ನಿಲ್ಲುತ್ತಿತ್ತೇ? ಗೂಡಿನ ನಾಯಿ ಇದು, ಹೊಸಿಲು ಎಂದರೆ ಏನೆಂದು ಗೊತ್ತಿಲ್ಲ. ನೀನು ವ್ಯಾನಿನಲ್ಲಿ ತಂದು ಬಿಟ್ಟು ಹೋದ ಜಾಲರಿ ಗೂಡನ್ನು ಸೀತಾಫಲದ ಗಿಡದ ಕೆಳಗೆ ಇಟ್ಟು ಅದರಲ್ಲೇ ಹಾಕಿದ್ದೇನೆ. ಅನ್ನ, ನೀರು ಎಲ್ಲ ಕೊಡುತ್ತೇನೆ, ಅತಿಥಿಗೆ ಕೊಡುವ ಹಾಗೆ.

ಸುಳ್ಳು ಬರೆಯಬಾರದು. ಮೊದಲ ದಿನ ಅದು ಒಳಗೆ ಬರಲು ಒಂದು ಕಾಲು ಎತ್ತಿತ್ತು. ನಾನು ಕಾಲು ಅಡ್ಡ ಇಟ್ಟೆ. ಒದೆಯಲಿಲ್ಲ, ಅಡ್ಡ ಇಟ್ಟೆ. ಮಾರನೆಯ ದಿನವೂ ಇಟ್ಟೆ. ಆಮೇಲೆ ಇಡುವ ಅವಶ್ಯಕತೆ ಬೀಳಲಿಲ್ಲ.

ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗುತ್ತದೆ, ಅದೂ ನಿಜ. ಬುಜ್ಜಿಯೂ ಹಾಗೆಯೇ ಮಲಗುತ್ತಿತ್ತು. "ನೋಡಪ್ಪ, ಇನ್ನೇನ್ ಸಾಕ್ಷಿ ಬೇಕು" ಎಂದಳು ದಿವ್ಯ. ಅದನ್ನು ನೀನು ಕಲಿಸಿರಬಹುದು ಎಂದೆ ನಾನು. ನಿನ್ನೆ ಫೋನಿನಲ್ಲಿ ನಿನಗೂ ಅದನ್ನೇ ಹೇಳಿದಾಗ ನೀನು ನಕ್ಕೆ. "ನಿಮ್ಮ ಚಪ್ಲಿ ಹಿಂದೂಪುರದಾಗೈತೆ ಭಾವ, ನಾನು ಕಲ್ಯಾಣದುರ್ಗದಾಗಿವ್ನಿ. ಯಾವ ಚಪ್ಲಿ ಇಟ್ಟು ಕಲಿಸ್ಲಿ? ನಾಯಿ ಬದ್ಲಾಯ್ಸಿ ನಾನೇನ್ ಮೇಡಿ ಮನೆ ಕಟ್ಟಿಸ್ಕತೀನಾ?" ಆ ನಗು ನನಗೆ ಹಿಡಿಸಲಿಲ್ಲ. ನಗುವಿನ ಕೊನೆಗೆ ನಿನ್ನ ದನಿ ಒಂದು ಥರ ಆಯಿತು. ಅಳುತ್ತಿದ್ದೆಯೋ ಏನೋ. ಆವಾಗಲೇ ಸಾರಿನ ನೆಪ ಬಂದದ್ದು.

ನಿನ್ನ ಬಾಯಿ ಕಟ್ಟುವುದಕ್ಕೆ ಒಂದು ಪ್ರೂಫ್ ಜೊತೆಗಿಡುತ್ತೇನೆ. ನಿನ್ನ ಅಕ್ಕ ಹಚ್ಚಿಕೊಳ್ಳುತ್ತಿದ್ದ ವಿಭೂತಿ ಗಟ್ಟಿ ಅವಳ ಟ್ರಂಕಿನಲ್ಲಿದೆ. ಅವಳು ತೀರಿಕೊಂಡ ವಾರವೇ ಬೀಗ ಹಾಕಿದವನು ನಾನೇ, ಬೀಗದ ಕೈ ನನ್ನ ಉಡಿದಾರದಲ್ಲಿದೆ. ಅದರ ಒಂದು ಚೂರು, ಪೋತಪ್ಪನ ಸುಣ್ಣದ ಒಂದು ಚೂರು, ಎರಡನ್ನೂ ಪೊಟ್ಟಣ ಕಟ್ಟಿ ಕಳಿಸುತ್ತೇನೆ. ಪಕ್ಕಪಕ್ಕ ಇಟ್ಟು ನೋಡು. ನನ್ನ ಕಣ್ಣು ಸರಿಯೋ ನಿಮ್ಮ ಮಾತು ಸರಿಯೋ ನಿನಗೇ ತಿಳಿಯುತ್ತದೆ. ಇರು, ತೆಗೆದುಕೊಂಡು ಬರುತ್ತೇನೆ.

ಪ್ರಮೀಳಾ, ಮೇಲಿನ ಸಾಲು ಬರೆದು ಎದ್ದವನು ಬಹಳ ಹೊತ್ತಿನ ಮೇಲೆ ಮತ್ತೆ ಕುಳಿತಿದ್ದೇನೆ.

ಟ್ರಂಕು ತೆಗೆದೆ. ಅವಳ ವಿಭೂತಿಯೂ ಬೆಳ್ಳಗಿದೆ. ಪೋತಪ್ಪನದಷ್ಟೇ ಬಿಳಿ. ಮೊದಲು ನನಗೆ ದಿವ್ಯಳ ಮೇಲೆಯೇ ಸಿಟ್ಟು ಬಂತು, ಬೀಗ ಒಡೆದಿದ್ದಾಳೆ ಎಂದು. ಆದರೆ ಬೀಗ ತುಕ್ಕು ಹಿಡಿದು ಎಣ್ಣೆ ಬಿಟ್ಟರೂ ತಿರುಗದಷ್ಟು ಬಿಗಿದಿತ್ತು, ನಾನೇ ಒದ್ದಾಡಿ ತೆಗೆದದ್ದು. ಗಟ್ಟಿಯ ಮೇಲೆ ಅವಳ ಮೂರು ಬೆರಳು ಸವೆಸಿದ ಗುಳಿ ಹಾಗೇ ಇದೆ. ನನ್ನ ಬೆರಳಿಟ್ಟು ನೋಡಿದೆ, ಕೂರುವುದಿಲ್ಲ, ಅವಳವು ಸಣ್ಣ ಬೆರಳು. ಫೋಟೊ ತಿದ್ದಬಹುದು, ನಾಯಿ ಬದಲಾಯಿಸಬಹುದು. ಈ ಗುಳಿಗಳನ್ನು ಯಾರು ಮಾಡಿಯಾರು?

ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಬಲಗಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಯಿತು. ಹಾಕಿಕೊಂಡು ಆ ಕಣ್ಣು ಮುಚ್ಚಿದೆ. ಎಡಗಣ್ಣೊಂದರಲ್ಲಿ ನೋಡುತ್ತೇನೆ, ವಿಭೂತಿ ಮತ್ತೆ ಮೊದಲಿನ ಮಾಸಲು ಬಣ್ಣಕ್ಕೆ ಬಂದಿದೆ! ಬಲಗಣ್ಣು ತೆರೆದೆ, ಬಿಳಿ. ಮುಚ್ಚಿದೆ, ಮಾಸಲು. ಗೋಡೆ ನೋಡಿದೆ, ಪಂಚೆ ನೋಡಿದೆ. ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನಾರಪ್ಪನ ಹಾಲನ್ನೂ ನೋಡಿದೆ. ಎಲ್ಲ ಹಾಗೆಯೇ. ಪೊರೆ ಇರುವ ಕಣ್ಣಿಗೆ ಲೋಕವೆಲ್ಲ ಬೆಲ್ಲದ ನೀರಲ್ಲಿ ಅದ್ದಿದ ಹಾಗೆ. ಎಷ್ಟು ವರ್ಷದಿಂದ ಹೀಗೆ ನೋಡುತ್ತಿದ್ದೇನೋ, ಒಮ್ಮೆಲೇ ಬಂದದ್ದಲ್ಲವಲ್ಲ, ಗೊತ್ತೇ ಆಗಿಲ್ಲ. ಹುಣಸೆಹಣ್ಣನ್ನೂ ಹೀಗೆಯೇ ನೋಡಿರಬೇಕು. ಕೊನೆಕೊನೆಗೆ ಮಂಡಿಗೆ ಬಂದ ಹೊಸ ಹಣ್ಣನ್ನೆಲ್ಲ ಹಳೆಯದು ಎಂದು ಜಗಳ ತೆಗೆಯುತ್ತಿದ್ದೆ.

ಆಮೇಲೆ ಬಾಗಿಲಿಗೆ ಹೋದೆ. ಹೋಗಲು ಧೈರ್ಯ ಸಾಲಲಿಲ್ಲ, ಆದರೂ ಹೋದೆ. ಜಾಲರಿಯ ಹಿಂದೆ ಅದು ಕೂತು ನನ್ನನ್ನೇ ನೋಡುತ್ತಿತ್ತು. ಬಲಗಣ್ಣು ಮುಚ್ಚಿದೆ. ನನ್ನ ಬುಜ್ಜಿ. ಎಡಗಣ್ಣು ಮುಚ್ಚಿದೆ. ನೀನು ಕಳಿಸಿದ ಬಿಳಿ ನಾಯಿ. ಒಂದೇ ಮುಖ, ಕಿವಿ ಒಂಚೂರು ಹಿಂದಕ್ಕೆ ಮಡಿಸಿಕೊಂಡು, ಇವನೇನು ಮಾಡುತ್ತಿದ್ದಾನೆ ಎಂದು ನೋಡುವ ಅದೇ ನೋಟ.

ನಿನ್ನ ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ ಎಂದು ದಿವ್ಯ ಹೇಳುತ್ತಿದ್ದಳು. ಎಲ್ಲಿ, ಅಲ್ಲೊಂದು ಇಲ್ಲೊಂದು ಅಷ್ಟೆ, ಎಂದು ನಾನು ವಾದ ಮಾಡುತ್ತಿದ್ದೆ. ನಿನ್ನ ಅಕ್ಕ ನಗುತ್ತಿದ್ದಳು.

ಮೇಲೆ ಬರೆದದ್ದನ್ನು ಹರಿದು ಹಾಕೋಣ ಎನ್ನಿಸಿತು. ಹಾಕುವುದಿಲ್ಲ. ನಿನ್ನ ತಲೆಯ ಮೇಲೆ ಏನೇನು ಹೊರಿಸಿದ್ದೆ ಎಂಬುದು ನಿನಗೆ ಗೊತ್ತಾಗಲಿ, ಬಯ್ಯುವಾಗ ಒಂದೊಂದನ್ನೇ ಹಿಡಿದು ಬಯ್ಯಲು ಅನುಕೂಲ. ಕದಿರಣ್ಣನ ವ್ಯಾನಿನಲ್ಲಿ ನಾಳೆ ಈ ಕಾಗದವೊಂದೇ ಬರುತ್ತದೆ. ಬಾಕಿ ಇಟ್ಟಿದ್ದ ಅರ್ಧ ಆಶೀರ್ವಾದವನ್ನೂ ಕಳಿಸಿದ್ದೇನೆ, ಬೇಕಿದ್ದರೆ ತೆಗೆದುಕೊ. ಪರಿಗಿ ಊರಿಗೆ ಹೋಗಿರುವ ದಿವ್ಯ ವಾಪಸು ಬಂದ ಮೇಲೆ ಅವಳ ಹತ್ತಿರ ಏನು ಹೇಳಬೇಕೆಂದು ಇನ್ನೂ ಹೊಳೆದಿಲ್ಲ. ಅಪಾಲಜಿ ಎಂಬುದಕ್ಕೆ ಕಾಲೇಜಿನಲ್ಲಿ ಒಂದು ಇಡೀ ಪತ್ರವೇ ಬಾಯಿಪಾಠ ಮಾಡಿಸಿದ್ದರು, ಮೊದಲ ಸಾಲಿನಿಂದ ಮುಂದೆ ಬರುತ್ತಿಲ್ಲ.

ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಕಣ್ಣು ಎಂದುಕೊಂಡೆ, ಅಲ್ಲ, ಬೆಳಕೇ ಇಳಿಯುತ್ತಿದೆ. ಸೀತಾಫಲದ ಗಿಡದ ಕೆಳಗೆ ಆಗಲೇ ಕತ್ತಲಾಗಿದೆ. ಅದನ್ನು ಒಳಗೆ ಕರೆದುಕೊಳ್ಳಬೇಕು. ನಿಲ್ಲಿಸುತ್ತೇನೆ.

ನಿನ್ನ ಭಾವ
ರುದ್ರಮುನಿ

ತಾ.ಕ.: ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಗೂಡಿನ ಬಾಗಿಲು ತೆಗೆದೆ, ಹೊಸಿಲವರೆಗೆ ಬಂತು, ನಿಂತಿತು. ನಾನು ಒಳಗಿನಿಂದ ಎಷ್ಟು ಕರೆದರೂ ನನ್ನ ಕಾಲನ್ನೇ ನೋಡುತ್ತದೆ. ಇನ್ನೊಂದು ಮಾತು ಬರೆಯದೆ ಬಿಟ್ಟಿದ್ದೆ. ಆ ದಿನ ವ್ಯಾನಿನಿಂದ ಇಳಿದಾಗ ಉಳಿದ ಮೂರೂ ನನ್ನ ಮೇಲೆ ಹಾರಿದವು, ಬುಜ್ಜಿ ಮಾತ್ರ ಹೋಗಿ ನಿನ್ನ ಸೀರೆಯ ಹಿಂದೆ ನಿಂತಿತು. ಅದು ಬುಜ್ಜಿಯಲ್ಲ ಎಂದು ನಾನು ತೀರ್ಮಾನ ಮಾಡಿದ್ದು ಆಗಲೇ. ಬಣ್ಣ ನೋಡಿದ್ದು ಆಮೇಲೆ. ನಿನ್ನ ದನಿ ಥೇಟು ನಿನ್ನ ಅಕ್ಕನದು ಪ್ರಮೀಳಾ, ಮರೆಯಿಂದ ಕೇಳಿದರೆ ನನಗೇ ಗೊತ್ತಾಗುವುದಿಲ್ಲ, ನಾಯಿಗೆ ಹೇಗೆ ಗೊತ್ತಾಗಬೇಕು. ಕಾಗದ ತಲುಪಿದ ಕೂಡಲೇ ಫೋನು ಮಾಡು. ನನ್ನೊಡನೆ ಮಾತಾಡಬೇಕಾಗಿಲ್ಲ. ಸ್ಪೀಕರ್ ಹಾಕಿ ಹೊಸಿಲ ಒಳಗಡೆ ನೆಲದ ಮೇಲೆ ಇಡುತ್ತೇನೆ, ಒಳಗೆ ಬಾ ಎಂದು ಒಂದು ಸಲ ಕರೆ. ಅಲ್ಲಿಯವರೆಗೆ ನನ್ನ ಚಾಪೆಯೂ ಹೊರಗೇ.