ಮಾವ – ಸಿಟ್ಟು, ಅತ್ತೆ – ನಿದ್ದೆ

ಮನೆ, ಮೇಲಿನ ಕೋಣೆ
ಫೆಬ್ರವರಿ ೭, ಬುಧವಾರ ಸಂಜೆ

ನಮ್ಮ ಮನೆಯ ಕಷಾಯದಮ್ಮನಿಗೆ ಅವಳ ಯಜಮಾನನ ಪ್ರೀತಿಯ ನಮಸ್ಕಾರ.

ಹೇಗಿದ್ದೀಯ? ಊಟ ರುಚಿಸುತ್ತಿದೆಯೇ? ಡಾಕ್ಟರಮ್ಮ ಕೊಟ್ಟ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ? ಫೋನಿನಲ್ಲಿ ಕೇಳಿದರೆ ಅದೇ ಒಂದು ಪದ, ಚೆನ್ನಾಗಿದ್ದೀನಿ. ಅಷ್ಟರಲ್ಲಿ ಪುಟ್ಟಿ ಫೋನ್ ಕಿತ್ತುಕೊಂಡು ತನ್ನ ನೀಲಿ ಚೂಡಿದಾರ ಎಲ್ಲಿದೆ ಎಂದು ಕೇಳುತ್ತಾಳೆ, ಅವಳ ಕೈಯಿಂದ ಅಪ್ಪ ಕಿತ್ತುಕೊಂಡು ಕನ್ನಡಕ ಎಲ್ಲಿದೆ ಎಂದು ಕೇಳುತ್ತಾರೆ. ನನ್ನ ಸರದಿ ಬರುವಷ್ಟರಲ್ಲಿ ನೀನು ಸುಸ್ತು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಗಬೇಡ. ಮೂರಡಿ ಎತ್ತರದ ಅಕ್ಷರ ಬರೆದು ಹೊಟ್ಟೆ ಹೊರೆಯುವವನಿಗೆ ಇಷ್ಟು ಸಣ್ಣ ಅಕ್ಷರ ಬರೆಯುವುದು ಎಷ್ಟು ಕಷ್ಟ ಎಂದು ನಿನಗೇನು ಗೊತ್ತು! ಬೋರ್ಡಿನಲ್ಲಾದರೆ ಎರಡು ಪದಕ್ಕೆ ಕೆಲಸ ಮುಗಿಯುತ್ತದೆ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನ ಮಂಡಿನೋವು ಏರಿಯೂ ಇಲ್ಲ, ಇಳಿದೂ ಇಲ್ಲ. ಅಪ್ಪ ಬಸ್ಸಿನ ಸ್ಟೇರಿಂಗ್ ಬಿಟ್ಟು ಒಂಬತ್ತು ವರ್ಷವಾದರೂ ಟಿವಿ ಮುಂದೆ ಕೂತು ಬ್ರೇಕ್ ಹಾಕುವುದನ್ನು ಬಿಟ್ಟಿಲ್ಲ. ತಾರಸಿಯ ಕುಂಡಗಳಿಗೆ ಪುಟ್ಟಿ ಎರಡು ಹೊತ್ತು ನೀರು ಹಾಕುತ್ತಾಳೆ. ಪುದೀನ ಸೊಕ್ಕಿ ಪಕ್ಕದ ಒಂದೆಲಗದ ಕುಂಡಕ್ಕೂ ಕಾಲು ಚಾಚಿದೆ. ನೀನು ನಿನ್ನ ಅಕ್ಕನ ಮನೆಗೆ ಹೋಗುವಾಗ ಒಂದು ತಿಂಗಳು ಎಂದಿದ್ದೆ. ಹದಿನೆಂಟನೇ ತಾರೀಕು ಭಾನುವಾರಕ್ಕೆ ಆ ತಿಂಗಳು ಮುಗಿಯುತ್ತದೆ. ಈ ಮನೆಯಲ್ಲಿ ಈಗ ಇರುವುದು ಒಂದೇ ಪ್ರಶ್ನೆ: ಭಾನುವಾರ ನೀನು ಬರುತ್ತೀಯೋ ಇಲ್ಲವೋ? ಎಲ್ಲರ ಪರವಾಗಿ 'ಬಾ' ಎಂದು ಬರೆಯುವ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ಬರೆದಾದ ಮೇಲೆ ಒಬ್ಬೊಬ್ಬರೂ ಓದಿ ನೋಡುತ್ತಾರಂತೆ. ನನ್ನ ಮೇಲೆ ಅಷ್ಟು ನಂಬಿಕೆ!

ಅದಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ನೀನು ಕೂತುಕೊಂಡು ಓದುವುದು ಒಳ್ಳೆಯದು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕಷಾಯದ ಎಲೆ ತುಂಬಿಡುವ ನಿನ್ನ ಆರು ಗಾಜಿನ ಡಬ್ಬಿಗಳಿವೆಯಲ್ಲ, ಅವುಗಳ ಮೇಲೆ ನೀನು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ಬರೆದಿದ್ದು ನನಗೆ ಮೊದಲಿನಿಂದಲೂ ಕಣ್ಣಿಗೆ ಚುಚ್ಚುತ್ತಿತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡು ನನ್ನ ಕೈಯದು, ನನ್ನ ಮನೆಯ ಡಬ್ಬಿಗಳ ಮೇಲೆ ಕಾಗೆ ಕಾಲು ಗುಬ್ಬಿ ಕಾಲು! ಹೋದ ವಾರ ಕೆಲಸವಿರಲಿಲ್ಲ. ನೀನು ಬರುವಷ್ಟರಲ್ಲಿ ಚೆಂದದ ಅಕ್ಷರ, ಸುತ್ತ ಒಂದು ಹಸಿರು ಬಳ್ಳಿ, ಎಲ್ಲ ಬರೆದು ನಿನ್ನನ್ನು ಬೆರಗುಗೊಳಿಸೋಣ ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಮೊದಲ ಪಾಠವೇ ಅದು: ಹಳೆಯದನ್ನು ಪೂರ್ತಿ ಕೆರೆದು ತೆಗೆಯದೆ ಹೊಸದಕ್ಕೆ ಕುಂಚ ಮುಟ್ಟಿಸಬಾರದು. ಕಸುಬಿನ ಪ್ರಕಾರವೇ ನಡೆದೆ. ಎಲ್ಲ ಪಟ್ಟಿಗಳನ್ನೂ ಟರ್ಪೆಂಟೈನ್ ಬಟ್ಟೆಯಿಂದ ಉಜ್ಜಿ ಕಿತ್ತು ಒಂದು ತಟ್ಟೆಗೆ ಹಾಕಿದೆ. ಮುಚ್ಚಳ ಬಿಗಿಯಾಗಿಯೇ ಇತ್ತು, ಆಮೇಲೆ ಸೋಪು ನೀರಿನಲ್ಲಿ ಮೂರು ಸಲ ಒರೆಸಿದೆ, ಗಾಬರಿಯಾಗಬೇಡ. ಕುಂಚ ಅದ್ದಿಕೊಂಡು ಮೊದಲ ಡಬ್ಬಿ ಎತ್ತಿಕೊಂಡೆ ನೋಡು, ಆಗ ಹೊಳೆಯಿತು. ಯಾವ ಪಟ್ಟಿ ಯಾವ ಡಬ್ಬಿಯದು?

ಪಟ್ಟಿಯಲ್ಲಿ ಎಲೆಯ ಹೆಸರು ಬರೆದಿದ್ದರೆ ಹೇಗೋ ಹುಡುಕುತ್ತಿದ್ದೆ. ನೀನು ಬರೆದಿದ್ದು ಮನುಷ್ಯರ ಹೆಸರು. 'ಮಾವ – ಸಿಟ್ಟು', 'ಅತ್ತೆ – ನಿದ್ದೆ', 'ಪುಟ್ಟಿ – ಪರೀಕ್ಷೆ', 'ಕಟಿಂಗ್ ಶಾಪಿನಣ್ಣ – ತಲೆಬಿಸಿ'. ಇನ್ನೊಂದರಲ್ಲಿ 'ಇವರು – ಮುನಿಸು'. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ನನಗೆ ಮುನಿಸು ಎಂಬ ಕಾಯಿಲೆ ಇದೆ ಎಂದು ತಿಳಿಯಿತು. ನನ್ನ ಕೈಗೆ ಲೋಟ ಬರುತ್ತಿತ್ತೇ ಹೊರತು ಅದು ಯಾವ ಡಬ್ಬಿಯಿಂದ ಬರುತ್ತಿತ್ತು ಎಂದು ನಾನು ಯಾವತ್ತು ನೋಡಿದ್ದೆ?

ಯಾರಿಗೂ ಹೇಳದೆ ಅಂದಾಜಿನ ಮೇಲೆ ಎರಡು ದಿನ ಸಂಸಾರ ನಡೆಸಿದೆ. ಅಪ್ಪನಿಗೆ ಮಧ್ಯಾಹ್ನ ಒಂದು ಡಬ್ಬಿಯದನ್ನು ಕುದಿಸಿ ಕೊಟ್ಟೆ. ಒಂದು ಗುಟುಕು ಕುಡಿದು, "ಏನೋ ಇದು, ಪಾತ್ರೆ ತೊಳೆದ ನೀರಾ?" ಎಂದು ಲೋಟ ಕುಕ್ಕಿದರು. ಸಿಟ್ಟಿನ ಔಷಧಿ ಕೊಡಲು ಹೋಗಿ ಸಿಟ್ಟು ಬರಿಸಿದ ಕೀರ್ತಿ ನನ್ನದು. ಅಮ್ಮನಿಗೆ ಕೊಟ್ಟಿದ್ದು ಪುಟ್ಟಿಯದಂತೆ. ಮರುದಿನ ಮುಂಜಾನೆ ಐದಕ್ಕೇ ಎದ್ದು ಹಳೆಯ ಟ್ರಂಕುಗಳನ್ನೆಲ್ಲ ಹರಡಿಕೊಂಡು ಕೂತಿದ್ದರು. ಎಲೆಯ ಪ್ರಭಾವವೋ, ಮಂಡಿನೋವಿಗೆ ಎಚ್ಚರವಾಯಿತೋ, ದೇವರೇ ಬಲ್ಲ. ಪುಟ್ಟಿ ಮಾತ್ರ ಲೋಟ ಮೂಸಿದ ಕೂಡಲೇ ಹಿಡಿದುಬಿಟ್ಟಳು. "ಅಪ್ಪಾ, ಇದು ನಂದಲ್ಲ. ನೀವೇನೋ ಎಡವಟ್ಟು ಮಾಡಿದೀರಾ!" ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಆರು ಲೋಟ ಜೋಡಿಸಿ ಪಂಚಾಯಿತಿ ಸೇರಿಸಿದೆವು. ಪಕ್ಕದ ಕಟಿಂಗ್ ಶಾಪಿನಣ್ಣನನ್ನೂ ಗೋಡೆಯಾಚೆಯಿಂದ ಕೂಗಿ ಕರೆದೆವು. ಅವರು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಕತ್ತರಿ ಹಿಡಿದೇ ಬಂದರು. ನೀನು ನೋಡಬೇಕಿತ್ತು ಕಣೇ. ಅಪ್ಪ ಕಣ್ಣು ಮುಚ್ಚಿ ಒಂದೊಂದೇ ಲೋಟ ಮೂಗಿನ ಹತ್ತಿರ ಹಿಡಿದು, ಮೂರನೆಯದಕ್ಕೆ "ಇದೇ, ಸೋಂಪು ಇದೆ ನೋಡು, ನಂದೇ" ಎಂದು ಎದೆಗವಚಿಕೊಂಡರು. ಪುಟ್ಟಿ ತನ್ನ ಪುದೀನ–ಒಂದೆಲಗವನ್ನು ಕ್ಷಣದಲ್ಲಿ ಗುರುತಿಸಿದಳು. ಅಮ್ಮ ಗುಲಾಬಿ ಪಕಳೆಯ ವಾಸನೆ ಹಿಡಿದರು. ಕಟಿಂಗ್ ಶಾಪಿನಣ್ಣ ತುಳಸಿ–ಶುಂಠಿಯ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, "ಅಕ್ಕೋರು ಮಾಡಿದ ಹಾಗಿಲ್ಲ, ಆದ್ರೂ ನಂದೇ" ಎಂದರು. ನನಗೆ ಉಳಿದಿದ್ದು ನಿಂಬೆಹುಲ್ಲು. ಕುಡಿದ ಮೇಲೆ ನಿಜವಾಗಿಯೂ ಅದೇ ರುಚಿ, ನಾನು ಅಂಗಡಿಯಿಂದ ಮುಖ ಊದಿಸಿಕೊಂಡು ಬಂದ ದಿನಗಳಲ್ಲಿ ನೀನು ಏನೂ ಕೇಳದೆ ಮುಂದಿಡುತ್ತಿದ್ದ ಲೋಟದ ರುಚಿ.

ಆರನೇ ಲೋಟ ಹಾಗೇ ಉಳಿಯಿತು. ತಟ್ಟೆಯಲ್ಲಿ ಪಟ್ಟಿಗಳು ಐದೇ ಇದ್ದವು, ಡಬ್ಬಿ ಆರು. ನಾನು ಒಂದು ಪಟ್ಟಿ ಎಲ್ಲೋ ಬೀಳಿಸಿದೆ ಎಂದುಕೊಂಡು ಮೇಜಿನ ಕೆಳಗೆಲ್ಲ ತಡಕಾಡಿದೆ. ಆ ಡಬ್ಬಿಯೊಳಗೆ ಎಲೆಯ ಆಕಾರದ್ದೇನೂ ಇರಲಿಲ್ಲ, ಬರೀ ಪುಡಿ, ಕಂದು ಬಣ್ಣದ್ದು. ಮೂಸಿದರೆ ಎಲ್ಲ ವಾಸನೆಯೂ ಇತ್ತು, ಯಾವುದೂ ಸರಿಯಾಗಿ ಇರಲಿಲ್ಲ. ಅಪ್ಪ ಅದನ್ನು ಕಸಕ್ಕೆ ಸುರಿ ಎಂದರು. ಆಗ ಅಮ್ಮ, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, "ಅದು ಅವಳದ್ದು ಕಣೋ" ಎಂದರು. "ಹೊಸ ಎಲೆ ತುಂಬೋ ಮುಂಚೆ ನಮ್ಮೆಲ್ಲರ ಡಬ್ಬಿ ತಳದಲ್ಲಿ ಉಳಿದ ಪುಡೀನ ಇದಕ್ಕೆ ಸುರೀತಾಳೆ. ನೀವೆಲ್ಲ ಹೊರಗೆ ಹೋದ ಮೇಲೆ ಅದನ್ನ ಕುದಿಸಿಕೊಂಡು ಹಿಂದಿನ ಬಾಗಿಲಲ್ಲಿ ನಿಂತುಕೊಂಡೇ ಕುಡೀತಾಳೆ." ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅಮ್ಮನ ಮೇಲೆ ಹರಿಹಾಯ್ದರು. ಅಮ್ಮ ದನಿ ಏರಿಸಲಿಲ್ಲ. "ಅವಳು ಬರೋ ಮುಂಚೆ ನಾನೂ ಹಂಗೇ ಕುಡೀತಿದ್ದೆ. ಯಾರು ಕೇಳಿದ್ರು?" ಎಂದರು. ಕಟಿಂಗ್ ಶಾಪಿನಣ್ಣ ಮೆಲ್ಲಗೆ ಕತ್ತರಿ ಎತ್ತಿಕೊಂಡು ಹೊರಟರು.

ನನಗೆ ನಾಚಿಕೆಯಾಯಿತು ಕಣೇ. ಸುತ್ತಿ ಬಳಸಿ ಹೇಳುವುದೇನಿದೆ, ತುಂಬ ನಾಚಿಕೆಯಾಯಿತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದರೂ ನೀನು ಸುಮ್ಮನೆ ನೋಡುತ್ತ ನಿಂತಿದ್ದೆಯಲ್ಲ, ಏನಾಯಿತು ಎಂದರೆ "ಏನೂ ಆಗಿಲ್ಲ, ಏನೂ ಮಾಡಬೇಕು ಅನ್ನಿಸ್ತಿಲ್ಲ ಅಷ್ಟೇ" ಎಂದೆಯಲ್ಲ, ಆಗ ನಾನು ಹೇಳಿದ ಮಾತು ನಿನಗೆ ನೆನಪಿರಬಹುದು. "ನಿನ್ನ ಡಬ್ಬಿಗಳಲ್ಲೇ ಏನಾದ್ರೂ ಇರುತ್ತಲ್ಲ, ಕುದಿಸಿಕೊಂಡು ಕುಡಿ." ತಮಾಷೆಗೆಂದೇ ಹೇಳಿದ್ದೆ. ನೀನೂ ನಕ್ಕಿದ್ದೆ. ಆಮೇಲೆ ಆರು ವಾರ ನೀನು ಸರಿಯಾಗಿ ಮಲಗಲಿಲ್ಲ, ನಾನು ಗೊರಕೆ ಹೊಡೆಯುತ್ತಿದ್ದೆ. ಕೊನೆಗೆ ನಿನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದದ್ದು ಪುಟ್ಟಿ, ನಾನಲ್ಲ. ಅವರು ಸರಿಯಾಗಿಯೇ ಹೇಳಿದ್ದರು: ಸಣ್ಣಪುಟ್ಟ ಬೇಜಾರಿಗೆ ಎಲೆ ಸಾಕು, ಇದಕ್ಕೆ ಮಾತ್ರೆ ಬೇಕು, ಅದಕ್ಕಿಂತ ಹೆಚ್ಚಾಗಿ ವಿಶ್ರಾಂತಿ ಬೇಕು. ಹಾಗೆಯೇ, ಮಾತ್ರೆಯ ಜೊತೆ ಯಾವ ಎಲೆ ಕುಡಿಯುವುದಿದ್ದರೂ ಅವರನ್ನು ಕೇಳದೆ ಕುಡಿಯಬೇಡ ಎಂದಿದ್ದರು. ಅಕ್ಕನ ಮನೆಯ ಸುತ್ತ ನರ್ಸರಿ ಗಿಡಗಳೇ ಇವೆ, ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಕೇಳಿಯೇ ಕುಡಿ.

ಈಗ ಮನೆ ಒಂದು ಹದಕ್ಕೆ ಬಂದಿದೆ. ಅವರವರ ಲೋಟ ಅವರವರೇ ಕುದಿಸಿಕೊಳ್ಳುವುದು ಎಂದು ಅಮ್ಮ ಕಾನೂನು ಮಾಡಿದ್ದಾರೆ. ಅಪ್ಪ ಒಂದು ಪಾತ್ರೆ ಸುಟ್ಟರು, ಎರಡನೆಯದಕ್ಕೆ ಕಲಿತರು. ಸೋಂಪನ್ನು ಕಾಯಿಸುತ್ತ ನಿಂತಷ್ಟು ಹೊತ್ತು ಟಿವಿ ಮುಂದೆ ಇರುವುದಿಲ್ಲವಾದ್ದರಿಂದ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತದೆ. ಸಂಜೆ ಐದಕ್ಕೆ ನಾಲ್ಕು ಜನವೂ ಲೋಟ ಹಿಡಿದು ತಾರಸಿಗೆ ಹೋಗಿ ಕೂರುತ್ತೇವೆ. ಮಾತು ಅಂಥದ್ದೇನೂ ಇರುವುದಿಲ್ಲ, ಯಾವ ಬಸ್ಸು ತಡ, ಯಾರ ಬೋರ್ಡಿನಲ್ಲಿ ಯಾವ ತಪ್ಪು, ಅಷ್ಟೇ. ಆದರೂ ಹಿತವಾಗಿರುತ್ತದೆ. ನಿನಗೆ ಇದನ್ನು ಹೇಳದಿದ್ದರೆ ಮೋಸ: ನೀನಿಲ್ಲದೆಯೂ ನಾವು ಖುಷಿಯಾಗಿದ್ದೇವೆ. ನೀನಿದ್ದರೆ ಇನ್ನೂ ಖುಷಿ, ಅದು ಬೇರೆ ಮಾತು.

ಹಾಗಾಗಿ, ಮನೆಯವರೆಲ್ಲರ ಆಜ್ಞೆಯಂತೆ ಬರೆಯುತ್ತಿದ್ದೇನೆ: ಹದಿನೆಂಟರ ಭಾನುವಾರ ಹೊರಟು ಬಾ. ಬಸ್ ನಿಲ್ದಾಣಕ್ಕೆ ಅಪ್ಪ ತಾವೇ ಬರುತ್ತಾರಂತೆ. ಅಮ್ಮನ ಆಶೀರ್ವಾದ, ಪುಟ್ಟಿಯ ಮುತ್ತು, ಗೋಡೆಯಾಚೆಯಿಂದ ಕಟಿಂಗ್ ಶಾಪಿನಣ್ಣನ ನಮಸ್ಕಾರ. ಅಕ್ಕನಿಗೂ ಭಾವನಿಗೂ ನನ್ನ ವಂದನೆ ತಿಳಿಸು.

ನಿನ್ನ,
ಇವರು (ಮುನಿಸು ಇಲ್ಲ)

ಓದಿ ಒಪ್ಪಿದೆ – ಮಾವ
ನಾನೂ – ಪುಟ್ಟಿ

ಮತ್ತೆ: ಇದನ್ನು ಅಂಚೆ ಡಬ್ಬದ ಮುಂದೆ, ಸೈಕಲ್ ಸೀಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಮೇಲಿನದನ್ನು ಅಪ್ಪನೂ ಪುಟ್ಟಿಯೂ ಓದಿದ್ದಾರೆ, ಇದನ್ನು ಯಾರೂ ಓದಿಲ್ಲ. ಅಮ್ಮ ಕನ್ನಡಕವಿಲ್ಲ ಎಂದು ಮೇಲಿನದಕ್ಕೆ ಸಹಿ ಹಾಕದೆ, ನಾನು ಹೊರಡುವಾಗ ಬಾಗಿಲ ತನಕ ಬಂದು, "ಅವಳನ್ನ ಕೇಳಿ ಬರೆದ್ಯಾ, ನಮ್ಮನ್ನ ಕೇಳಿ ಬರೆದ್ಯಾ?" ಎಂದರು. ನಿನ್ನೆ ಅಕ್ಕ ಅಂಗಡಿಗೆ ಫೋನ್ ಮಾಡಿದ್ದರು. ಹೋದ ಎರಡು ವಾರ ನೀನು ಚೆನ್ನಾಗಿ ಮಲಗುತ್ತಿದ್ದೆಯಂತೆ, ಮೊನ್ನೆ ಇಲ್ಲಿಗೆ ಹೊರಡಲೆಂದು ಅಟ್ಟದಿಂದ ಬ್ಯಾಗು ಕೆಳಗಿಳಿಸಿದಂದಿನಿಂದ ಮತ್ತೆ ನಿದ್ದೆ ಇಲ್ಲವಂತೆ. ತಾನು ಹೇಳಿದೆ ಎಂದು ಹೇಳಬೇಡಿ ಎಂದಿದ್ದರು, ಹೇಳಿಬಿಟ್ಟೆ. ಭಾನುವಾರ ಬರಬೇಡ. ಬ್ಯಾಗು ಮೇಲಿಡು. ಇನ್ನೊಂದು ತಿಂಗಳೋ ಎರಡು ತಿಂಗಳೋ, ನಿನಗೆ ಬರಬೇಕು ಅನ್ನಿಸಿದ ದಿನ ಬಾ. ಅಪ್ಪನಿಗೂ ಪುಟ್ಟಿಗೂ ನಾನು ಹೇಳುತ್ತೇನೆ, ಬೈಗುಳ ನನಗಿರಲಿ. ಆ ಭಾನುವಾರ ನಾನೇ ಅಲ್ಲಿಗೆ ಬಂದು ಸಂಜೆ ತನಕ ನಿನ್ನ ಜೊತೆ ಸುಮ್ಮನೆ ಕೂತು ಹೋಗಲಾ? ಬಾ ಅಂದರೆ ಬರುತ್ತೇನೆ, ಬೇಡ ಅಂದರೆ ಇಲ್ಲೇ ಇರುತ್ತೇನೆ, ಎರಡೂ ನನಗೆ ಸರಿ. ಆದರೆ ಎರಡರಲ್ಲಿ ಒಂದು ಬರೆ ಕಣೇ, 'ನಿಮ್ಮಿಷ್ಟ' ಅಂತ ಮಾತ್ರ ಬರೆಯಬೇಡ.